ಬಂದೂಕಿನ ಮರಕ್ಕೆ ಸಂಸ್ಕಾರ

ಸಂಸ್ಕಾರವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಸುಶಿಕ್ಷಿತರ ಮನಸ್ಸು ನಾಮಕರಣ, ಉಪನಯನ, ವಿವಾಹಗಳ ಕಡೆಗೆ ಹರಿಯುವದು ಸಹಜವಾಗಿದೆ. ಆದರೆ ನಮ್ಮ ಪೂರ್ವಿಕರು ಆ ಶಬ್ದವನ್ನು ಮನುಷ್ಯನಿಗೆ ಮಾತ್ರ ಮೀಸಲಾಗಿ ಇಟ್ಟವರಲ್ಲ. ಯಜ್ಞದಲ್ಲಿ ಬಳಸುವ ಬತ್ತಕ್ಕೂ ಸಂಸ್ಕಾರವುಂಟು. ಮರದ ಸ್ರುಕ್‌ಸ್ರುವಗಳಿಗೂ ಉಂಟು. ರಸಶಾಸ್ತ್ರದ ವೈದ್ಯರು ಪಾದರಸಕ್ಕೆ ಹೇಳುವ ಸಂಸ್ಕಾರಗಳು ಹದಿನೆಂಟು. ಒಂದು ವಸ್ತುವನ್ನು ಅದರ ಕಾರ್ಯಕ್ಕೆ ಯೋಗ್ಯವಾಗುವಂತೆ ಮಾಡುವ ವ್ಯಾಪಾರವೆಲ್ಲವೂ ಸಂಸ್ಕಾರವೇ. ಅದರಲ್ಲಿ ಮೂರು ಬಗೆಗಳನ್ನು ಪಂಡಿತರು ಎಣಿಸುತ್ತಾರೆ. ಇದ್ದ ದೋಷವನ್ನು ತೆಗೆಯುವದು ದೋಷಾಪನಯನ. ಕುಂದಿದ ಅಂಗವನ್ನು ತುಂಬುವದು ಹೀನಾಂಗಪೂರ್ತಿ. ಇಲ್ಲದ ಗುಣವನ್ನು ತಂದಿಡುವದು ಅತಿಶಯಾಧಾನ. ಈ ಕ್ರಮವು ತಲೆಕೆಳಗಾದರೆ ಸಂಸ್ಕಾರವೆನ್ನಿಸಿಕೊಂಡದ್ದು ಬರಿಯ ಲೇಪನವಾಗುವದು. ಕೊಳೆಯ ಮೇಲೆ ಹಚ್ಚಿದ ಗಂಧಕ್ಕೂ ದೋಷದ ಮೇಲೆ ಬಳಿದ ಬಣ್ಣಕ್ಕೂ ಭೇದವೇನಿದೆ?

ಈ ಮಾತಿಗೆ ಜೈನಾಪುರದ ಒಂದು ಮನೆಯಲ್ಲಿ ದೊರೆತ ನಿದರ್ಶನವು ವಿಚಾರ ಮಾಡತಕ್ಕದ್ದಾಗಿದೆ. ಜೈನಾಪುರವು ವಿಜಯಪುರ ಜಿಲ್ಲೆಯ ಎರೆಭೂಮಿಯ ಊರು. ಅಲ್ಲಿಯ ಒಬ್ಬ ಹಿರಿಯ ಒಕ್ಕಲಿಗ ಗೃಹಸ್ಥರ ಪಡಸಾಲೆಯ ಗೋಡೆಯ ಮೇಲೆ ಅವರ ಅಜ್ಜನ ಕಾಲದ ಒಂದು ಬಂದೂಕು ತೂಗುತ್ತಿದ್ದಿತು. ಊರವರು ಅವರನ್ನು ಗೌಡರೆಂದೇ ಕರೆಯುವರಾದ್ದರಿಂದ ಇಲ್ಲಿಯೂ ಅದೇ ಹೆಸರು ಸಾಕು. ಅದು ಬಾಯಿಯಿಂದ ಮದ್ದು ತುಂಬಿ, ಗಜದಿಂದ ಗಿಡಿದು, ಹಿಂದಿನ ಮೊಲೆಯ ಮೇಲೆ ಕೇಪು ಇಟ್ಟು ಹಾರಿಸುವ ಕೈಕೆಲಸದ ಬಂದೂಕು. ಅದನ್ನು ಮಾಡಿದ ಕಮ್ಮಾರನ ಹೆಸರು ನಳಿಗೆಯ ಮೇಲೆ ಇಲ್ಲ. ಮರ ಕೆತ್ತಿದ ಬಡಿಗನ ಗುರುತೂ ಇಲ್ಲ. ಹೊಲಕ್ಕೆ ಬರುವ ಹಂದಿ, ಚಿಗರೆಗಳನ್ನು ಬೆದರಿಸುವದಕ್ಕಾಗಿ ಅಜ್ಜನು ಅದನ್ನು ಇಟ್ಟುಕೊಂಡಿದ್ದನು. ತಂದೆಯ ತರುವಾಯ ಪರವಾನಿಗೆಯು ಗೌಡರ ಹೆಸರಿಗೆ ಬಂದಿತು. ಕಾಲಕಾಲಕ್ಕೆ ಪರವಾನಿಗೆಯ ಕಾಗದವು ನವೀಕರಣ ಹೊಂದುತ್ತಿದ್ದಿತು. ಚುನಾವಣೆ ಬಂದಾಗಲೊಮ್ಮೆ ಬಂದೂಕು ಠಾಣೆಗೆ ಹೋಗಿ ತಿರುಗಿ ಬರುತ್ತಿದ್ದಿತು. ಖಂಡೇನವಮಿಯ ದಿವಸ ಕುಂಕುಮ, ಹೂವು, ಬನ್ನಿಯ ಎಲೆಗಳನ್ನು ಪಡೆದು ಮತ್ತೆ ಗೋಡೆಗೆ ಏರುತ್ತಿದ್ದಿತು. ಅದರಿಂದ ಗುಂಡು ಹಾರಿದ್ದನ್ನು ಆ ಮನೆಯ ಈಗಿನವರಾರೂ ಕಂಡಿರಲಿಲ್ಲ.

ಪ್ರತಿವರ್ಷ ಪೂಜೆಗೆ ಮುಂಚೆ ಮನೆಯವರು ಅದರ ಮರಕ್ಕೆ ಕೈಗೆ ಸಿಕ್ಕ ಶೇಂಗಾ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚುತ್ತಿದ್ದರು. ಅದು ಭಕ್ತಿಯ ಕೆಲಸವೇ ಸರಿ. ಆದರೆ ಆ ಎಣ್ಣೆಗಳು ಎಂದಿಗೂ ಒಣಗತಕ್ಕವಲ್ಲ. ಅವು ಮರದ ಮೈಮೇಲೆ ಜಿಗುಟಾಗಿ ನಿಂತು ಪಡಸಾಲೆಯ ಧೂಳನ್ನೂ ಒಲೆಯ ಹೊಗೆಯನ್ನೂ ಹಿಡಿದುಕೊಂಡು, ವರ್ಷದ ಮೇಲೆ ವರ್ಷ ಕೂಡಿ, ಕಪ್ಪು ರಾಡಿಯ ಹೊದಿಕೆಯಾಗಿದ್ದವು. ಮರವು ಯಾವದೆಂಬದೇ ತಿಳಿಯದಂತಾಗಿದ್ದಿತು. ಮನೆಯಲ್ಲಿ ಮದುವೆ ಗೊತ್ತಾದಾಗ, ಪುಣೆಯಲ್ಲಿದ್ದ ಗೌಡರ ಮಗನು ಒಂದು ಡಬ್ಬಿ ಹೊಳಪಿನ ವಾರ್ನಿಶನ್ನು ಕಳಿಸಿ, ಬಂದೂಕನ್ನು ಉಜ್ಜಿ ಕನ್ನಡಿಯಂತೆ ಮಾಡಿ ಇಡಬೇಕೆಂದು ಹೇಳಿದನು. ಬರುವ ಬೀಗರ ದೃಷ್ಟಿಗೆ ಮನೆತನದ ಹಿರಿಮೆ ಬೀಳಬೇಕೆಂಬದು ಅವನ ಆಶಯ. ಅದರಲ್ಲಿ ತಪ್ಪೇನೂ ಇದ್ದಿಲ್ಲ.

ಗೌಡರು ಊರಿನ ವೃದ್ಧ ಬಡಿಗನನ್ನು ಕರೆಯಿಸಿದರು. ಎಂಬತ್ತಕ್ಕೆ ಸಮೀಪಿಸಿದ ಆ ಮನುಷ್ಯನು ಉಳಿ ಹಿಡಿಯುವದನ್ನು ಬಿಟ್ಟಿದ್ದರೂ ಮರದ ವಿಷಯದಲ್ಲಿ ಅವನ ಮಾತಿಗೆ ಬೆಲೆಯುಂಟು. ಅವನು ಕಟ್ಟೆಯ ಮೇಲೆ ಕುಳಿತು ಬಂದೂಕಿನ ಕಡೆಗೆ ಬಹಳ ಹೊತ್ತು ನೋಡಿದನು, ಮುಟ್ಟಲಿಲ್ಲ.

“ಗೌಡ್ರ, ಬಣ್ಣದ ಮಾತು ಆಮ್ಯಾಲಿಂದು. ಮೊದ್ಲ ಇದು ತುಂಬೇತೋ, ಖಾಲಿ ಐತೋ, ಅದನ್ನ ಹೇಳ್ರಿ.”

“ಏನ್ ಕಾಕಾ, ಅಪ್ಪ ಹೋಗಿ ಐವತ್ತು ವರ್ಷ ಆತು. ಇದನ್ನ ತುಂಬವರು ಯಾರು?”

“ಅದಕ್ಕ ಕೇಳಿದೆ ರೀ. ಅವರು ತುಂಬಿ ಇಟ್ಟಿದ್ರ, ತಗದವರು ಯಾರು?”

ಈ ಪ್ರಶ್ನೆಗೆ ಪಡಸಾಲೆಯಲ್ಲಿ ಉತ್ತರವಿದ್ದಿಲ್ಲ. ಬಾಯಿಯಿಂದ ತುಂಬುವ ಬಂದೂಕಿನ ಒಳಗನ್ನು ಹೊರಗಿನಿಂದ ನೋಡಿ ತಿಳಿಯುವಂತಿಲ್ಲ. ಹಿಂದಿನಿಂದ ತೋಟೆ ಹಾಕುವ ಬಂದೂಕನ್ನಾದರೆ ಮುರಿದು ನೋಡಬಹುದು. ಇದಕ್ಕೆ ಹಿಂದಿನ ಬಾಗಿಲೇ ಇಲ್ಲ. ಇದಕ್ಕಿರುವ ಪರೀಕ್ಷೆ ಒಂದೇ. ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ನಳಿಗೆಯ ಕೆಳಗಿರುವ ಗಜವನ್ನು ಮೆಲ್ಲನೆ ಒಳಗೆ ಇಳಿಬಿಟ್ಟು, ಅದು ನಿಂತಾಗ ಬಾಯಿಯ ಮಟ್ಟಕ್ಕೆ ಗುರುತು ಮಾಡಿಕೊಂಡು, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಇಟ್ಟು ಅಳೆಯಬೇಕು. ಖಾಲಿಯಾಗಿದ್ದರೆ ಗಜದ ತುದಿಯು ಕೇಪು ಇಡುವ ಮೊಲೆಯ ಸಮೀಪಕ್ಕೆ ಮುಟ್ಟುವದು. ಗೌಡರು ಅಂಗಳದ ಹೊರಗೆ ಹೋಗಿ ಬಡಿಗನು ಹೇಳಿದಂತೆಯೇ ಮಾಡಿದರು. ಗಜವು ನಾಲ್ಕು ಬೆರಳು ಕಡಿಮೆಯಾಯಿತು.

ಅಂದರೆ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಆ ಗೋಡೆಯ ಮೇಲೆ ಇದ್ದದ್ದು ತುಂಬಿದ ಬಂದೂಕು. ಅದರ ಕೆಳಗೆ ಕೂಸುಗಳು ತೊಟ್ಟಿಲಲ್ಲಿ ಮಲಗಿದ್ದವು, ಊದಿನಕಡ್ಡಿಗಳು ಉರಿದಿದ್ದವು, ಆರತಿಗಳು ಎತ್ತಿದ್ದವು. ಮದ್ದಿಗೆ ವಯಸ್ಸಾದರೆ ಸತ್ತುಹೋಗುವದೆಂದು ಅನೇಕರು ತಿಳಿದಿರುತ್ತಾರೆ, ಅದು ನಿಜವಲ್ಲ. ಕರಿಮದ್ದೆಂಬದು ನೂರರಲ್ಲಿ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಿಲು, ೧೦ ಪಾಲು ಗಂಧಕಗಳ ಮಿಶ್ರಣ. ಈ ಮೂರೂ ತಾವಾಗಿ ಕೊಳೆಯತಕ್ಕ ವಸ್ತುಗಳಲ್ಲ. ತೇವ ತಗಲದೆ ಇದ್ದರೆ ತಲೆಮಾರುಗಳ ತರುವಾಯವೂ ಅದು ಮೊದಲಿನ ಬಲದಿಂದಲೇ ಉರಿಯಬಲ್ಲದು. ಮೊಲೆಯ ಮೇಲೆ ಕೇಪು ಇದ್ದಿಲ್ಲವಾದ್ದರಿಂದ ಇಷ್ಟು ದಿನ ಅದು ಸುಮ್ಮನಿದ್ದಿತೆಂದು ಹೇಳಬೇಕೇ ಹೊರತು, ಮನೆಯವರ ಜಾಗರೂಕತೆಯಿಂದಲ್ಲ. ಆ ದಿವಸ ಗೌಡರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಠಾಣೆಗೆ ತಿಳಿಸಿ, ಪಟ್ಟಣದಲ್ಲಿಯ ಪರವಾನಿಗೆಯುಳ್ಳ ದುರಸ್ತಿಗಾರನ ಬಳಿಗೆ ಬಂದೂಕನ್ನು ಒಯ್ದರು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕನ್ನು ಮಾಡುವದಕ್ಕೆ ಹೇಗೋ, ದುರಸ್ತಿ ಮಾಡುವದಕ್ಕೂ ಹಾಗೆಯೇ ಪರವಾನಿಗೆ ಬೇಕು. ಅವನು ನಳಿಗೆಗೆ ನೀರು ಹನಿಸಿ, ರಾತ್ರಿಯೆಲ್ಲ ನೆನೆಯಿಸಿ, ಗಜದ ತುದಿಗೆ ತಿರುಪಿನ ಮೊನೆಯನ್ನು ಕೂಡಿಸಿ, ಒಳಗಿದ್ದುದನ್ನು ತಿರುಚಿ ಹೊರತೆಗೆದನು. ಬಂದದ್ದು ಒಂದು ಚಿಂದಿ ಅರಿವೆ, ಒಂದು ಹಿಡಿಗಿಂತ ಕಡಿಮೆ ಸೀಸದ ಗುಂಡುಗಳು, ಕೊನೆಗೆ ಕರಿಯ ಕೆಸರು. ಆ ಬಳಿಕ ನಳಿಗೆಯನ್ನೂ ಕುದುರೆಯ ಯಂತ್ರವನ್ನೂ ತೊಳೆದು ಒರೆಸಲಿಕ್ಕೆ ತನ್ನಲ್ಲಿಯೇ ಇಟ್ಟುಕೊಂಡು, ಮರದ ಭಾಗವನ್ನಷ್ಟೇ ಗೌಡರಿಗೆ ಕೊಟ್ಟು ಕಳಿಸಿದನು. ದೋಷಾಪನಯನದ ಮೊದಲ ಮೆಟ್ಟಿಲು ಇದು. ವಾರ್ನಿಶಿನ ಡಬ್ಬಿಯನ್ನೇ ಮೊದಲು ತೆರೆದಿದ್ದರೆ, ಹೊರಮೈ ಕನ್ನಡಿಯಾಗುತ್ತಿದ್ದಿತು, ಒಳಗೆ ಮೃತ್ಯು ಹಾಗೆಯೇ ಕುಳಿತಿರುತ್ತಿದ್ದಿತು.

ಎರಡನೆಯ ಮೆಟ್ಟಿಲು ಮರದ ಕೊಳೆ. ಇಲ್ಲಿ ಮಗನ ಅಪೇಕ್ಷೆಗೂ ಬಡಿಗನ ಅಭಿಪ್ರಾಯಕ್ಕೂ ಭೇದ ಬಂದಿತು. ಮರಳಿನ ಕಾಗದದಿಂದ ಮೈಯೆಲ್ಲ ಉಜ್ಜಿ ಹೊಸ ಮರವನ್ನು ಹೊರಗೆ ಕಾಣಿಸುವದು ಸುಲಭದ ದಾರಿ. ವಾರ್ನಿಶು ಹಿಡಿಯುವದಕ್ಕೂ ಅದೇ ಬೇಕು. ಬಡಿಗನು ಅದನ್ನು ಒಪ್ಪಲಿಲ್ಲ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ, ತುಸು ಸಾಬೂನು ಕೂಡಿಸಿ, ಒಂದೊಂದು ಗೇಣು ಒರೆಸಿ ಕೂಡಲೇ ಒಣ ಅರಿವೆಯಿಂದ ತೇವ ತೆಗೆಯಬೇಕೆಂದು ಹೇಳಿದನು. ಜಿಗುಟು ಬಿಡದ ಕಡೆಗೆ ಟರ್ಪೆಂಟೈನು ತಾಗಿಸಿದ ಅರಿವೆ. ಈ ಕೆಲಸಕ್ಕೆ ಮೂರು ದಿನ ಹಿಡಿಯಿತು. ಅರಿವೆಗಳು ಕಪ್ಪಾಗುತ್ತ ಬಂದಂತೆ ಮರವು ತನ್ನ ಮೈಯನ್ನು ತೋರಿಸಿತು. ನಸುಗೆಂಪಿನಲ್ಲಿ ಕಪ್ಪು ಗೆರೆಗಳು ಹರಿದ ಬೀಟೆಯ ಮರ ಅದು. ಎರೆಯ ನಾಡಿನಲ್ಲಿ ಬೆಳೆಯುವ ಮರವಲ್ಲ. ಘಟ್ಟದ ಕಡೆಯಿಂದ ಯಾವಾಗಲೋ ಬಂದದ್ದು.

ಮರದ ಜೊತೆಗೆ ಇನ್ನೊಂದೂ ಕಾಣಿಸಿತು. ಬಂದೂಕನ್ನು ಹೆಗಲಿಗೆ ಕೊಟ್ಟಾಗ ಗಲ್ಲ ಆನುವ ಜಾಗದಲ್ಲಿ ಮರವು ತುಸು ತಗ್ಗಾಗಿ, ಉಳಿದ ಮೈಗಿಂತ ನುಣುಪಾಗಿದ್ದಿತು. ಎಡಗೈ ಹಿಡಿಯುವಲ್ಲಿ ಅಂಥದೇ ಇನ್ನೊಂದು ಸವೆತ. ಅದನ್ನು ಯಾವ ಉಳಿಯೂ ಕೆತ್ತಿದ್ದಲ್ಲ. ಅಜ್ಜನ ಕೈಯೂ ತಂದೆಯ ಕೈಯೂ ವರ್ಷಗಟ್ಟಲೆ ಆಡಿ ಆದ ಗುರುತು.

“ಇದನ್ನ ಕೆರೀಬ್ಯಾಡ್ರಿ ಗೌಡ್ರ. ನಾ ಮಾಡಿದ್ರ ಇಂಥದು ಬರಂಗಿಲ್ಲ.”

ಬಡಿಗನು ಹೇಳಿದ್ದು ಇಷ್ಟೇ. ದೋಷವನ್ನು ತೆಗೆಯುವವನಿಗೆ ದೋಷವಾವದು, ಗುಣವಾವದು ಎಂಬ ವಿವೇಕವು ಮೊದಲು ಬೇಕು. ಎಣ್ಣೆಯ ಜಿಗುಟು ದೋಷ. ಕೈಯ ಸವೆತ ದೋಷವಲ್ಲ. ಎರಡೂ ಕಾಲದಿಂದಲೇ ಬಂದವು. ಎರಡನ್ನೂ ಒಂದೇ ಕಾಗದದಿಂದ ಉಜ್ಜುವವನು ಮನೆಯ ಕಸದೊಂದಿಗೆ ಮನೆಯ ಹಿರಿಯರನ್ನೂ ಗುಡಿಸಿ ಹಾಕಿದಂತಾಗುವದು.

ಹೀನಾಂಗಪೂರ್ತಿಯ ಪ್ರಸಂಗವು ಇದರ ತರುವಾಯ ಬಂದಿತು. ಕುದುರೆಯ ಯಂತ್ರವು ಕೂಡುವ ಜಾಗದ ಹಿಂದೆ ಎರಡು ಬೆರಳಗಲದ ಮರವು ಮುರಿದು ಹೋಗಿದ್ದಿತು. ಬಾಯಿಮದ್ದಿನ ಬಂದೂಕುಗಳಲ್ಲಿ ಆ ಭಾಗಕ್ಕೆ ಹಾನಿಯು ಹೆಚ್ಚು. ಕೇಪಿನ ಕಿಡಿಯೂ ಹೊಗೆಯೂ ಅಲ್ಲಿಯೇ ಹೊಮ್ಮುವವು. ಸುಟ್ಟ ಮದ್ದಿನ ಬೂದಿಯು ಗಾಳಿಯ ತೇವವನ್ನು ಹೀರಿ ಕಬ್ಬಿಣಕ್ಕೆ ತುಕ್ಕನ್ನೂ ಮರಕ್ಕೆ ಮೆತ್ತಗಿನ ಕೊಳೆಯನ್ನೂ ತರುವದು. ಈ ಚೂರು ಕೂಡಿಸುವ ಕೆಲಸವನ್ನು ದುರಸ್ತಿಗಾರನು ತನ್ನ ಲೆಕ್ಕದಲ್ಲಿಯೇ ಮಾಡಿದನು. ಮರವನ್ನು ಮಾತ್ರ ಬಡಿಗನು ಆರಿಸಿ ಕೊಟ್ಟನು. ಬೀಟೆಯ ತುಂಡು ಊರಿನಲ್ಲಿ ಸಿಗಲಿಲ್ಲ. ಹಳೆಯ ಬಂಡಿಯೊಂದರ ಜಾಲಿಯ ಮರ ಸಿಕ್ಕಿತು. ಎರೆಯ ನಾಡಿನಲ್ಲಿ ಬಂಡಿಯ ಗಾಲಿಗೆ, ಕುಂಟೆಗೆ, ಕೂರಿಗೆಗೆ ಹೆಗಲು ಕೊಟ್ಟ ಮರವೇ ಜಾಲಿ. ಗಟ್ಟಿತನದಲ್ಲಿ ಅದು ಬೀಟೆಗೆ ನಾಚತಕ್ಕದ್ದಲ್ಲ. ಬಣ್ಣ ಮಾತ್ರ ತಿಳಿಯಾದದ್ದು. ಹೀಗಾಗಿ ಬಣ್ಣ ಕೊಡುವ ವಿಚಾರವು ಎದ್ದಿತು.

ಮರಕ್ಕೆ ಬಣ್ಣ ಕೊಡುವದರಲ್ಲಿ ಎರಡು ಮಾರ್ಗಗಳುಂಟು. ಬಣ್ಣದ ಪುಡಿಯನ್ನು ಎಣ್ಣೆಯಲ್ಲೋ ನೀರಿನಲ್ಲೋ ಕಲಸಿ ಮೇಲೆ ಹಚ್ಚುವದು ಒಂದು. ಮರದೊಳಗೆ ಸಹಜವಾಗಿ ಇರುವ ಒಗರಿನ ಸತ್ವವನ್ನು ಕಬ್ಬಿಣದ ಉಪ್ಪಿನೊಡನೆ ಕೂಡಿಸಿ, ಬಣ್ಣವು ಮರದಲ್ಲಿಯೇ ಹುಟ್ಟುವಂತೆ ಮಾಡುವದು ಇನ್ನೊಂದು. ಎರಡನೆಯದು ಹಳೆಯ ಪಾಠಶಾಲೆಗಳಲ್ಲಿ ಓದಿದವರಿಗೆ ಅಪರಿಚಿತವಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ ಕ್ಷಣದಲ್ಲಿ ಕಪ್ಪು ಮಸಿಯಾಗುವದು. ಓಲೆಗರಿ ಹೋಗಿ ಕಾಗದ ಬಂದ ಕಾಲದಿಂದ ಎಷ್ಟೋ ಗ್ರಂಥಗಳು ಆ ಮಸಿಯಿಂದ ಬರೆಯಲ್ಪಟ್ಟವು. ಅಳಲೆಯ ಒಗರೂ ಜಾಲಿಯ ಒಗರೂ ಒಂದೇ ಜಾತಿಯವು. ಚರ್ಮ ಹದ ಮಾಡುವವರು ಜಾಲಿಯ ತೊಗಟೆಯನ್ನು ಬಳಸುವದು ಈ ಗುಣದಿಂದಲೇ. ಬಡಿಗನು ಜಾಲಿಯ ಒಂದು ಬೇರೆ ಚೂರಿನ ಮೇಲೆ ಮೊದಲು ಪರೀಕ್ಷೆ ಮಾಡಿಸಿದನು. ಮೈಗೆ ನೀರು ಸವರಿ ಒಣಗಿಸಿದಾಗ ಮರದ ನವಿರು ಎದ್ದು ನಿಂತಿತು; ಅದನ್ನು ನುಣ್ಣಗೆ ತೆಗೆದ ಬಳಿಕ ಅಳಲೆಯ ಕಷಾಯ, ಅದು ಒಣಗಿದ ಮೇಲೆ ತೆಳ್ಳಗಿನ ಅನ್ನಭೇದಿಯ ನೀರು. ಒಣಗಿದಾಗ ಚೂರು ಬೂದಿಯ ಬಣ್ಣಕ್ಕೆ ತಿರುಗಿ ಕುರೂಪವಾಯಿತು. ಗೌಡರು ಕೆಟ್ಟಿತೆಂದರು. ಬಡಿಗನು ಎಣ್ಣೆಯ ಬೆರಳನ್ನು ಅದರ ಮೇಲೆ ಎಳೆದನು. ಬೂದಿಯೊಳಗಿಂದ ಕೆಂಪು ಛಾಯೆಯ ಆಳವಾದ ಕಪ್ಪು ಎದ್ದು ಬಂದಿತು. ಎಣ್ಣೆ ಬೀಳುವ ವರೆಗೆ ಬಣ್ಣದ ವಿಷಯದಲ್ಲಿ ತೀರ್ಪು ಹೇಳಬಾರದೆಂಬದು ಈ ವಿದ್ಯೆಯ ಮೊದಲನೆಯ ಪಾಠ.

ಸಮುದ್ರದಾಚೆಯ ಶಿಲ್ಪಿಗಳೂ ಇದೇ ತತ್ವವನ್ನು ಕಂಡುಕೊಂಡಿದ್ದರೆಂಬದು ಕೌತುಕದ ಸಂಗತಿ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯಿಂದ ಅಮೇರಿಕೆಯ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಬಂದೂಕುಗಾರರು ಅಲ್ಲಿಯ ಮೇಪಲ್ ಮರದಿಂದ ಉದ್ದವಾದ ರೈಫಲುಗಳನ್ನು ಮಾಡುತ್ತಿದ್ದರು. ರೈಫಲೆಂದರೆ ನಳಿಗೆಯ ಒಳಮೈಗೆ ಸುರುಳಿಗೆರೆ ಕೊರೆದ ಬಂದೂಕು. ಗೌಡರ ಮನೆಯದರಂತೆ ನುಣುಪು ನಳಿಗೆಯದಲ್ಲ. ಮೇಪಲ್ ಬಿಳಿಚಾದ ಮರ. ಅವರು ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣವನ್ನು ಕರಗಿಸಿ ಆ ದ್ರವವನ್ನು ಮರಕ್ಕೆ ಹಚ್ಚಿ, ಕಾದ ಕಬ್ಬಿಣವನ್ನು ಸಮೀಪಕ್ಕೆ ಹಿಡಿಯುತ್ತಿದ್ದರು. ಶಾಖ ತಗಲಿದೊಡನೆ ಹಸುರು ಮರವು ಕೆಂಗಂದಾಗುತ್ತಿದ್ದಿತು. ಮರದ ಅಲೆಅಲೆಯಾದ ಎಳೆಗಳು ಹುಲಿಯ ಪಟ್ಟೆಗಳಂತೆ ಎದ್ದು ಕಾಣುತ್ತಿದ್ದವು. ಅಲ್ಲಿಯೂ ಬಣ್ಣವು ಹೊರಗಿನಿಂದ ಬಂದ ಹೊದಿಕೆಯಲ್ಲ. ಮರವೂ ಕಬ್ಬಿಣವೂ ಕೂಡಿ ಪಡೆದ ಸಂತಾನ. ಆಮ್ಲವು ಉಳಿದರೆ ಮರವನ್ನು ತಿನ್ನುವದಾದ್ದರಿಂದ ಕೊನೆಗೆ ಕ್ಷಾರದ ನೀರಿನಿಂದ ಅದನ್ನು ಶಾಂತಗೊಳಿಸುವದೂ ಅವರ ವಿಧಿಯಾಗಿದ್ದಿತು.

ಇನ್ನು ಅತಿಶಯಾಧಾನ. ಇದಕ್ಕೆ ಬೇಕಾದ ದ್ರವ್ಯವು ಗೌಡರ ಹೊಲದ ಅಂಚಿನಲ್ಲಿಯೇ ಬೆಳೆದದ್ದಾಗಿದ್ದಿತು. ಎರೆಭೂಮಿಯ ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆಗಳ ಸಂಗಡ ಅಗಸೆಯ ಸಾಲುಗಳೂ ನೀಲಿ ಹೂ ಬಿಡುವದು ಈ ನಾಡಿನ ಹಳೆಯ ರೂಢಿ. ನೀರಾವರಿ ಬಂದು ದ್ರಾಕ್ಷಿ, ಕಬ್ಬುಗಳು ಹೆಚ್ಚಿದ ಮೇಲೆ ಆ ನೀಲಿ ಬಣ್ಣವು ವಿರಳವಾಗಿದ್ದರೂ, ರೊಟ್ಟಿಯ ತಾಟಿನಲ್ಲಿ ಅಗಸಿ ಹಿಂಡಿಯು ಇನ್ನೂ ತನ್ನ ಜಾಗವನ್ನು ಬಿಟ್ಟಿಲ್ಲ. ಈ ಅಗಸೆಯ ಎಣ್ಣೆಯೇ ಲೋಕದ ಬಂದೂಕುಗಳ ಮರಕ್ಕೆ ಶತಮಾನಗಳಿಂದ ಹಚ್ಚುತ್ತ ಬಂದ ಎಣ್ಣೆ.

ಅಗಸೆಗೆ ಈ ಯೋಗ್ಯತೆ ಬಂದದ್ದು ಹೇಗೆಂದು ವಿಜ್ಞಾನ ಓದುತ್ತಿದ್ದ ಗೌಡರ ಮೊಮ್ಮಗಳು ವಿವರಿಸಿದಳು. “ಮುತ್ಯಾ, ಶೇಂಗಾ ಎಣ್ಣಿ ಒಣಗಂಗಿಲ್ಲ. ಅಗಸಿ ಎಣ್ಣಿ ಗಾಳಿ ಕುಡದು ಗಟ್ಟಿ ಆಗ್ತದ” ಎಂಬದು ಅವಳ ಸೂತ್ರ. ನೀರು ಒಣಗುವದೆಂದರೆ ಆವಿಯಾಗಿ ಹೋಗುವದು. ಅಗಸೆಯ ಎಣ್ಣೆ ಒಣಗುವದೆಂದರೆ ಗಾಳಿಯಲ್ಲಿಯ ಆಮ್ಲಜನಕವನ್ನು ತೆಗೆದುಕೊಂಡು ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುವದು. ಆದ್ದರಿಂದಲೇ ಒಣಗುವಾಗ ಅದರ ತೂಕವು ಮೊದಲು ಹೆಚ್ಚುವದು. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟಿರುವ ಲಿನೋಲೆನಿಕ್ ಎಂಬ ಆಮ್ಲವು ಇದಕ್ಕೆ ಕಾರಣ. ಕುಸುಬೆಯ ಎಣ್ಣೆಯೂ ಒಣಗುವದು, ಆದರೆ ತಡವಾಗಿ. ಕೊಬ್ಬರಿ, ಶೇಂಗಾಗಳು ಒಣಗುವದೇ ಇಲ್ಲ. ಗೌಡರ ಮನೆಯ ಭಕ್ತಿಯು ಜಿಗುಟಾದದ್ದರ ರಹಸ್ಯವು ಇದೇ.

ಬಡಿಗನ ವಿಧಾನವು ಸರಳವಾಗಿದ್ದಿತು. ಎಣ್ಣೆಯನ್ನು ಮರಕ್ಕೆ ಕುಡಿಸಬೇಕು, ಹೊದಿಸಬಾರದು. ನಾಲ್ಕು ಹನಿ ಎಣ್ಣೆ, ಅಂಗೈಯ ಬಿಸಿ, ಅರ್ಧ ತಾಸಿನ ತಿಕ್ಕು; ಮೇಲೆ ಉಳಿದದ್ದನ್ನು ಪೂರ್ತಿಯಾಗಿ ಒರೆಸಿ ತೆಗೆಯುವದು; ಒಣಗುವ ವರೆಗೆ ಕೆಲವು ದಿವಸ ಗಾಳಿಯಲ್ಲಿ ಬಿಡುವದು; ತಿರುಗಿ ಅದೇ. ಬೀಟೆಯಲ್ಲಿ ಸ್ವಂತದ ಎಣ್ಣೆಯಂಶವಿರುವದರಿಂದ ಒಣಗುವಿಕೆಯು ಇನ್ನೂ ನಿಧಾನ. ಹೊರಮೈಗಿಂತ ಹೆಚ್ಚಾಗಿ ಅವನು ಕಾಣದ ಭಾಗಗಳ ಬಗ್ಗೆ ಕಾಳಜಿ ಮಾಡಿಸಿದನು: ನಳಿಗೆ ಮಲಗುವ ಕಾಲುವೆ, ಯಂತ್ರ ಕೂಡುವ ಗುಂಡಿ, ಹಿಂಬದಿಯ ಕಬ್ಬಿಣದ ಹಲಗೆಯ ಕೆಳಗೆ ಅಡಗಿದ ಅಡ್ಡ ಎಳೆಯ ಮರ. ಮರವು ನೀರು ಕುಡಿಯುವದು ಅಡ್ಡ ಎಳೆಯಿಂದಲೇ ಬಹಳ. ಒಂದು ಮೈಗೆ ಎಣ್ಣೆ ಬಿದ್ದು ಇನ್ನೊಂದು ಮೈ ಬತ್ತಲೆಯಾಗಿದ್ದರೆ ಮಳೆಗಾಲದಲ್ಲಿ ಮರವು ಒಂದೇ ಕಡೆಗೆ ಉಬ್ಬಿ ನಳಿಗೆಯನ್ನು ಒತ್ತುವದು, ಬೇಸಗೆಯಲ್ಲಿ ಬಿರಿಯುವದು. ಗುರಿಯು ತಪ್ಪುವದಕ್ಕೆ ಇದೂ ಒಂದು ಕಾರಣವೆಂದು ಬಂದೂಕು ಬಲ್ಲವರು ಹೇಳುತ್ತಾರೆ. ಎಂದ ಮೇಲೆ ಮರದ ಸಂಸ್ಕಾರವು ಬರಿಯ ಅಲಂಕಾರವಲ್ಲ.

ಇಲ್ಲಿಯೇ ಒಂದು ಎಚ್ಚರದ ಮಾತೂ ಇದೆ. ಅಗಸೆಯ ಎಣ್ಣೆಯು ಗಾಳಿ ಕುಡಿಯುವಾಗ ಬಿಸಿಯಾಗುವದು. ಮರದ ಮೇಲಿನ ತೆಳುವಾದ ಪದರದಲ್ಲಿ ಆ ಬಿಸಿಯು ಹಾರಿಹೋಗುವದು. ಎಣ್ಣೆಯ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಒಳಗೊಳಗೇ ಶಾಖವು ಕೂಡಿ, ಕಿಡಿ ಸೋಂಕದೆಯೇ ಬೆಂಕಿ ಹತ್ತುವದು. ಕೌರವರು ಅರಗಿನ ಮನೆ ಕಟ್ಟಿಸಿದಾಗಲೂ ಬೆಂಕಿ ಇಡುವದಕ್ಕೆ ಒಬ್ಬ ಪುರೋಚನ ಬೇಕಾಗಿದ್ದನು. ಅಗಸೆಯ ಅರಿವೆಗೆ ಅವನೂ ಬೇಡ. ಮೊಮ್ಮಗಳು ಪ್ರತಿದಿನ ಆ ಅರಿವೆಗಳನ್ನು ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಆಮೇಲೆ ನೀರಿನಲ್ಲಿ ನೆನೆಯಿಸಿ ಹೂಳಿಸುತ್ತಿದ್ದಳು.

ವಾರ್ನಿಶಿನ ಡಬ್ಬಿಯು ತೆರೆಯದೆಯೇ ಉಳಿಯಿತು. ವಾರ್ನಿಶು ನಿಂದ್ಯವಾದ ವಸ್ತುವಲ್ಲ; ಮೇಜು, ಬಾಗಿಲುಗಳಿಗೆ ಅದು ಒಳ್ಳೆಯ ರಕ್ಷೆ. ಆದರೆ ಅದು ಮರಕ್ಕೂ ಕೈಗೂ ನಡುವೆ ಒಂದು ಗಾಜಿನ ಗೋಡೆಯಾಗುವದು. ಒಮ್ಮೆ ಅದು ಕೆತ್ತಿದರೆ ಆ ಒಂದು ಜಾಗವನ್ನು ಮಾತ್ರ ಸರಿಪಡಿಸುವದು ಕಠಿಣ. ಎಲ್ಲವನ್ನೂ ಕೆರೆದು ಮತ್ತೆ ಹಚ್ಚಬೇಕು. ಎಣ್ಣೆಯ ಮೈಗೆ ಗೀರು ಬಿದ್ದರೆ ಅಲ್ಲಿಯೇ ನಾಲ್ಕು ಹನಿ ಸಾಕು. ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲಿಗೂ ಆಂಗ್ಲರು ಅಖರೋಟಿನ ಮರವನ್ನು ಹಾಕಿ ಅಗಸೆಯ ಎಣ್ಣೆಯನ್ನೇ ಕುಡಿಸುತ್ತಿದ್ದರು. ಮಳೆಯಲ್ಲಿ, ದಂಡಿನ ದಾರಿಯಲ್ಲಿ, ಸಿಪಾಯಿಯು ತನ್ನ ಕೈಯಿಂದಲೇ ಅದನ್ನು ನೆಟ್ಟಗಿಡಲು ಸಾಧ್ಯವಾಗಬೇಕಾಗಿದ್ದಿತು.

ಎನ್‌ಫೀಲ್ಡಿನ ಹೆಸರು ಬಂದಲ್ಲಿ ೧೮೫೭ನೆಯ ಇಸವಿಯು ನೆನಪಾಗದೆ ಇರದು. ನಳಿಗೆಯಲ್ಲಿ ಮೂರು ಸುರುಳಿಗೆರೆಗಳಿದ್ದ ಆ ರೈಫಲಿನ ಕಾಡತೂಸಿನ ಕೊಬ್ಬು ಉತ್ತರ ಹಿಂದುಸ್ತಾನದಲ್ಲಿ ಎಬ್ಬಿಸಿದ ಬಿರುಗಾಳಿಯು ಎಲ್ಲರಿಗೂ ಗೊತ್ತಿದ್ದದ್ದೇ. ಆ ಗಾಳಿಯು ಕೃಷ್ಣೆಯ ದಕ್ಷಿಣಕ್ಕೆ ಬಂದಾಗ ಅದಕ್ಕೆ ನೆವವಾದದ್ದು ಶಸ್ತ್ರಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾನೂನು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ತಮ್ಮ ಆಯುಧಗಳನ್ನು ಕೊಡಲು ಒಪ್ಪಲಿಲ್ಲ. ಅದೇ ವರ್ಷದ ನವೆಂಬರ ತಿಂಗಳ ಕೊನೆಯಲ್ಲಿ ದಂಡು ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಹಿಡಿದವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಹಲಗಲಿಯು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ೧೯೯೭ರ ವರೆಗೆ ಆ ಸೀಮೆಯು ವಿಜಯಪುರ ಜಿಲ್ಲೆಯದೇ ಭಾಗವಾಗಿದ್ದಿತು. ಆ ದುರಂತದ ಲಾವಣಿಯು ಜನರ ಬಾಯಲ್ಲಿ ಉಳಿಯಿತು. ಫ್ಲೀಟ್ ಸಾಹೇಬರು ಅದನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಹಾಡು ಉಳಿದರೂ ಹಲಗಲಿಯವರು ಕೊಡಲೊಲ್ಲದ ಆಯುಧಗಳ ಮರವು ಉಳಿಯುವಂತಿದ್ದಿಲ್ಲ. ಲೋಹವು ಕರಗಿ ಇನ್ನೊಂದಾಗುವದು. ಮರವು ಉರಿದು ಬೂದಿಯಾಗುವದು.

ವಿಜಯಪುರದ ಕೋಟೆಯ ಶೇರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ ತೋಪನ್ನು ವಾಚಕರೆಲ್ಲರೂ ಕಂಡಿರುವರು. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು ೫೫ ಟನ್ನು ತೂಕದ ಆ ಪಂಚಲೋಹದ ಮೈಯ ಮೇಲೆ ಅದನ್ನು ಮಾಡಿದವನ ಹೆಸರುಂಟು. ಸುಲ್ತಾನರ ಆಯುಧವು ತನ್ನ ಚರಿತ್ರೆಯನ್ನು ಅಕ್ಷರಗಳಲ್ಲಿ ಹೊತ್ತಿದೆ. ಒಕ್ಕಲಿಗನ ಆಯುಧಕ್ಕೆ ಅಕ್ಷರವಿಲ್ಲ. ಗಲ್ಲ ಆನಿದ ಒಂದು ತಗ್ಗು, ಕೈ ಹಿಡಿದ ಒಂದು ಸವೆತ, ಇವೇ ಅದರ ಶಾಸನ. ಮರಳಿನ ಕಾಗದವು ಒಂದು ತಾಸಿನಲ್ಲಿ ಅಳಿಸುವದು ಈ ಶಾಸನವನ್ನೇ. ತುಂಬಿದ ಮದ್ದು ಮನೆಯ ಜೀವಗಳಿಗೆ ಹೇಗೆ ಅಪಾಯವೋ, ತಿಳಿಯದೆ ಉಜ್ಜುವ ಕೈ ಮನೆಯ ಸ್ಮೃತಿಗೆ ಹಾಗೆ ಅಪಾಯ.

ಈ ಎರಡು ಅಪಾಯಗಳಿಂದಲೂ ದೂರವಿರುವ ಉಪಾಯವನ್ನು ಕೊಡಗಿನವರು ಹಬ್ಬದ ರೂಪದಲ್ಲಿಯೇ ಇಟ್ಟುಕೊಂಡಿದ್ದಾರೆ. ಅಲ್ಲಿಯ ಕೈಲ್ಪೊಳ್ದೆಂದರೆ ಆಯುಧಗಳ ಹಬ್ಬ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟಂಬರದ ಆರಂಭದಲ್ಲಿ ಬರುವದು. ನೇಗಿಲು, ಕತ್ತಿ, ಕೋವಿಗಳನ್ನು ಇಳಿಸಿ, ಶುಚಿಗೊಳಿಸಿ, ಸಾಲಾಗಿ ಇಟ್ಟು ಪೂಜಿಸುವರು; ಕೋವಿಗೆ ತೋಕ್‌ಪೂ ಎಂಬ ಹೂವನ್ನು ಏರಿಸುವರು. ೧೮೬೧ರಲ್ಲಿ ಕಮಿಶನರ ಮಾರ್ಕ್ ಕಬ್ಬನ್ನರ ಆಜ್ಞೆಯಿಂದ ಕೊಡಗಿನವರಿಗೆ ಶಸ್ತ್ರಕಾನೂನಿನಿಂದ ವಿನಾಯಿ‌ತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ೨೦೧೯ರಲ್ಲಿ ಕೇಂದ್ರ ಸರಕಾರವು ೨೦೨೯ರ ವರೆಗೆ ಮುಂದುವರಿಸಿತು. ಹಲಗಲಿಯು ಸುಟ್ಟು ನಾಲ್ಕು ವರ್ಷ ತುಂಬುವ ಮೊದಲೇ ಕೊಡಗಿಗೆ ಇದು ದೊರೆತದ್ದು ರಾಜಕಾರಣದ ವಿಷಯ. ಇಲ್ಲಿ ಪ್ರಕೃತವಾದದ್ದು ವರ್ಷಕ್ಕೊಮ್ಮೆ ಇಳಿಸಿ ನೋಡುವ ರೂಢಿ. ಮಳೆಯ ನಾಡಿನಲ್ಲಿ ಕಬ್ಬಿಣಕ್ಕೆ ತುಕ್ಕು, ಮರಕ್ಕೆ ಬೂಸರು ಬಹು ಬೇಗ. ಪೂಜೆಗೆ ಮೊದಲು ಕೈಯಿಂದ ಮುಟ್ಟಿ ತೊಡೆದು ನೋಡುವ ಆಚಾರವಿದ್ದಲ್ಲಿ ಯಾವ ದೋಷವೂ ಐವತ್ತು ವರ್ಷ ಅಡಗಿ ಕೂಡ್ರಲಾರದು.

ಮದುವೆಯ ದಿವಸ ಗೌಡರ ಬಂದೂಕು ಕನ್ನಡಿಯಂತೆ ಹೊಳೆಯಲಿಲ್ಲ. ದುರಸ್ತಿಗಾರನು ಕೂಡಿಸಿ ಕೊಟ್ಟ ಮೇಲೆ ಅದು ನಂದಾದೀಪದ ಬೆಳಕಿನಲ್ಲಿ ಮಾಗಿದ ನೇರಳೆಯ ಹಾಗೆ ಮೆಲ್ಲನೆ ಮಿನುಗುತ್ತಿದ್ದಿತು. ಜಾಲಿಯ ಚೂರು ಬೀಟೆಯಲ್ಲಿ ಸೇರಿಹೋಗಿದ್ದಿತು. ಆದರೂ ಹತ್ತಿರದಿಂದ ನೋಡುವವರಿಗೆ ಕಾಣುತ್ತಿದ್ದಿತು. ಪುಣೆಯಿಂದ ಬಂದ ಮಗನು ಮೊದಲು ಸ್ವಲ್ಪ ನಿರಾಶನಾದನು. ಗೌಡರು ಏನೂ ಹೇಳದೆ, ನಳಿಗೆಯು ಖಾಲಿಯೆಂಬದನ್ನು ಅವನ ಎದುರಿಗೆ ಗಜದಿಂದ ಅಳೆದು ತೋರಿಸಿ, ಬಂದೂಕನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಹೆಗಲಿಗೆ ಆನಿಸಿಕೊಂಡನು. ಮುತ್ತಜ್ಜನ ಗಲ್ಲದ ತಗ್ಗಿನಲ್ಲಿ ಅವನ ಗಲ್ಲವು ತಾನಾಗಿಯೇ ಹೋಗಿ ಕೂತಿತು. ವಾರ್ನಿಶಿನ ಮಾತು ಮತ್ತೆ ಬರಲಿಲ್ಲ.

ಎಣ್ಣೆಯ ಸಂಸ್ಕಾರಕ್ಕೆ ಮುಕ್ತಾಯವೆಂಬದಿಲ್ಲ. ಮೊದಲ ವಾರ ದಿನಕ್ಕೊಂದು ತೆಳು ಕೈ, ಮೊದಲ ತಿಂಗಳು ವಾರಕ್ಕೊಂದು, ಮೊದಲ ವರ್ಷ ತಿಂಗಳಿಗೊಂದು, ಆಮೇಲೆ ಬದುಕಿರುವ ವರೆಗೆ ವರ್ಷಕ್ಕೊಂದು ಎಂದು ಮರಗೆಲಸದವರಲ್ಲಿ ಒಂದು ಲೆಕ್ಕವುಂಟು. ವಾರ್ನಿಶು ಒಮ್ಮೆ ಹಚ್ಚಿ ಮರೆಯತಕ್ಕದ್ದು, ಎಣ್ಣೆ ನೆನಪಿಡತಕ್ಕದ್ದು. ಮಕ್ಕಳ ವಿದ್ಯೆಯೂ ಮನೆಯ ಮರ್ಯಾದೆಯೂ ನಾಡಿನ ಭಾಷೆಯೂ ಈ ಎರಡನೆಯ ಜಾತಿಗೆ ಸೇರಿದವು. ಜೈನಾಪುರದ ಆ ಮನೆಯಲ್ಲಿ ಈಗ ಖಂಡೇನವಮಿಯ ಮುಂಚಿನ ದಿನ ಗಜ ಹಿಡಿದು ಅಳೆಯುವವಳೂ, ಅಗಸೆಯ ಎಣ್ಣೆಯ ಬಟ್ಟಲನ್ನು ತರುವವಳೂ ಆ ಮೊಮ್ಮಗಳೇ. ಮೊದಲು ಅಳತೆ, ಆಮೇಲೆ ಎಣ್ಣೆ, ಕೊನೆಗೆ ಕುಂಕುಮ. ಕ್ರಮವು ಇದು.